ಆರೆಳೆಯ ಮುಖ, ಎರಡೆಳೆಯ ನ್ಯಾಯ

ನಮ್ಮ ಬೆಟ್ಟದೂರು ಚುಕಿಮಾರ್ಕಾದ ಬೆಳಗಿನ ಚಳಿ ಎಂಥದೆಂದರೆ, ಬೈದ ಬೈಗುಳ ಹೆಪ್ಪುಗಟ್ಟಿ ನೆಲಕ್ಕೆ ಬೀಳುತ್ತದೆ. ಬೈಸಿಕೊಂಡವನು ಬಿಸಿಲೇರಿದ ಮೇಲೆ ಬಂದು ಕೇಳಿಸಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ನಿಕಾನೋರಾ ಕಾಲಿಸಾಯಾ ನ್ಯಾಯಾಲಯದ ಹಿಂದಿನ ಕೋಣೆಯಲ್ಲಿ ಕೂತು, ಟೆಲಿಫೋನ್ ತಂತಿಗಳಿಗೆ ಬಿಸಿಯುಸಿರು ಊದುತ್ತಿದ್ದಾಳೆ. ಬೆಟ್ಟಸಾಲಿನಾಚೆಯ ಸೆರೆಮನೆಯನ್ನು ದಿನವೂ ಈ ತಂತಿಗಳಲ್ಲೇ ನ್ಯಾಯಾಧೀಶರ ಮುಂದಿನ ಪರದೆಗೆ ಎಳೆದು ತರುವವಳು ಇವಳೇ. ಆ ದಾರಿಯಲ್ಲಿ ಮೀಸೆ ಚಿಗುರದ ಡ್ರೈವರ್ ಬಸ್ಸು ಹೊರಡಿಸಿದರೆ, ಮುಟ್ಟುವಾಗ ಮೊಮ್ಮಕ್ಕಳನ್ನು ಕಂಡಿರುತ್ತಾನೆ. ಇವಳಿಗೆ ಕೋಕಾ ಎಲೆ ಅಗಿಯುವಷ್ಟು ಹೊತ್ತು ಸಾಕು.

"ಒಂದು ಮುಖ ಬರೋಕೆ ಆರು ಲೈನ್ ಬೇಕು ಕಣಪ್ಪ," ಎನ್ನುತ್ತಾಳೆ. "ಒಂದೊಂದು ಲೈನೂ ಒಂದೊಂದು ಚೂರು ಹೊತ್ಕೊಂಡು ಬರುತ್ತೆ. ಈ ಪೆಟ್ಟಿಗೆ ಅವನ್ನೆಲ್ಲ ಸೇರಿಸಿ ಹೊಲಿಗೆ ಹಾಕುತ್ತೆ."

ಹಳೆಯ ಟೆಲಿಫೋನ್ ಕಚೇರಿ ಮುಚ್ಚಿದಾಗ ಕೆಲಸ ಕಳೆದುಕೊಂಡವಳು ಇಲ್ಲಿಗೆ ದಿನಗೂಲಿಯಾಗಿ ಬಂದಳು, ಇಂದಿಗೂ ದಿನಗೂಲಿಯೇ. ಈ ಪೆಟ್ಟಿಗೆಯ ಉದ್ಘಾಟನೆಗೆ ಎಷ್ಟು ದೊಡ್ಡವರು ಬಂದಿದ್ದರೆಂದರೆ, ರಿಬ್ಬನ್ ಸಾಲದೆ ಕಿಟಕಿಯ ಪರದೆಯನ್ನೂ ಕತ್ತರಿಸಿದರು. ಫೋಟೋದಲ್ಲಿ ನಿಕಾನೋರಾ ಇಲ್ಲ. ಅವಳು ತಂತಿ ಜೋಡಿಸುತ್ತ ಮೇಜಿನ ಕೆಳಗಿದ್ದಳು.

ಕಲಾಪಕ್ಕೆ ಮೊದಲು ಕ್ಯಾಮೆರಾ ಪರೀಕ್ಷೆಗೆ ಆಚೆ ಒಂದು ಮುಖ ಬೇಕು, ಈಚೆ ಒಂದು ದನಿ ಬೇಕು. ನಿಕಾನೋರಾ ಆಚೆ ಕೈದಿಯನ್ನು ಕೂರಿಸುತ್ತಾಳೆ, ಈಚೆ ಅವನ ತಾಯಿಯನ್ನು. ಯಾವ ಕಾನೂನಿನಲ್ಲೂ ಇಲ್ಲದ ಭೇಟಿ ಇದು. ಮೈಕ್ ಪರೀಕ್ಷೆಯ ಹೆಸರಿನಲ್ಲಿ ಇಲ್ಲಿ ಬಿದ್ದಷ್ಟು ತಾಯಂದಿರ ಬೈಗುಳ ಲೋಕದಲ್ಲಿ ಬೇರೆಲ್ಲೂ ಬಿದ್ದಿಲ್ಲ.

ಈ ವಾರ ನ್ಯಾಯಾಲಯದ ಕಾರ್ಯದರ್ಶಿಯ ಆಜ್ಞೆ ಬಂತು: ಖರ್ಚು ಜಾಸ್ತಿ, ಎರಡೇ ಲೈನ್ ಸಾಕು.

"ಮುಖ ಕಲಸಿಹೋಗುತ್ತೆ ಸ್ವಾಮಿ," ಎಂದಳು.

"ರೇಡಿಯೋದಲ್ಲಿ ಮುಖ ಕಾಣುತ್ತೇನಮ್ಮ? ಜನ ಕೇಳಲ್ವಾ?" ಎಂದರು ಅವರು.

ಇವತ್ತು ರೋಮುಲೊನ ಜಾಮೀನು ವಿಚಾರಣೆ. ಉಣ್ಣೆಗೆ ಸಾಕುವ ಮೂರು ಅಲ್ಪಾಕಾ ಕದ್ದನೆಂಬ ಆರೋಪದ ಮೇಲೆ ಒಳಗೆ ಕೊಳೆಯುತ್ತಿರುವ ಹುಡುಗ. ಪರೀಕ್ಷೆಗೆ ಅವನ ತಾಯಿ ಸತುರ್ನಿನಾ ಕೂತಿದ್ದಾಳೆ. ಪರದೆಯ ಮೇಲೆ ಮಗನಿಲ್ಲ. ಕಂದು ಬಣ್ಣದ ಚೌಕಗಳು ಜಗಳಾಡುತ್ತಿವೆ.

"ಇದ್ಯಾವ ಗೋಡೆ ತೋರಿಸ್ತಿದೀಯೆ ತಾಯಿ?"

"ಅವನು ಅಳ್ತಿದಾನೆ ಅಜ್ಜಿ, ಮುಖ ಅಲುಗಿದ್ರೆ ಎರಡು ಲೈನಿಗೆ ಹೊರೋಕಾಗಲ್ಲ, ಅದಕ್ಕೇ ಕಲಸ್ತಿದೆ." ನಿಕಾನೋರಾ ಮೈಕಿಗೆ ಬಾಗುತ್ತಾಳೆ. "ಏ ರೋಮುಲೊ, ಅಲುಗಾಡಬೇಡ ಕಣೋ! ರೆಪ್ಪೆನೂ ಬಡೀಬೇಡ! ಅವ್ವ ನೋಡ್ಲಿ."

ಚೌಕಗಳು ಒಂದೊಂದಾಗಿ ತಣಿಯುತ್ತವೆ. ಮೂಗು ಬರುತ್ತದೆ, ಹಣೆಯ ಗಾಯದ ಗುರುತು ಬರುತ್ತದೆ. "ಸೊರಗಿದೀಯಲ್ಲೋ ಕತ್ತೆ," ಎನ್ನುತ್ತಾಳೆ ತಾಯಿ.

ಕಲಾಪ ಶುರುವಾಗುತ್ತದೆ. ತಾಯಿ ಹಿಂದಿನ ಬೆಂಚಿನಲ್ಲಿದ್ದಾಳೆಂದು ರೋಮುಲೊನಿಗೆ ಗೊತ್ತು. ಬೆಟ್ಟವೂ ನಾಚುವಷ್ಟು ನಿಶ್ಚಲವಾಗಿ ಕೂತು, ತುಟಿ ಬಿಚ್ಚಿಯೂ ಬಿಚ್ಚದಂತೆ ಉತ್ತರಿಸುತ್ತಾನೆ. ನ್ಯಾಯಾಧೀಶರು ಕನ್ನಡಕ ತೆಗೆಯುತ್ತಾರೆ: "ತಾಯಿಯ ಹೆಸರೆತ್ತಿದರೂ ಒಂದು ನರ ಮಿಡಿಯಲಿಲ್ಲ. ಇಂಥ ಕಲ್ಲೆದೆಯವನನ್ನು ಹೊರಗೆ ಬಿಡುವುದೇ?" ಜಾಮೀನು ಇಲ್ಲ.

"ಅಲುಗಾಡಬೇಡ ಅಂದಿದ್ದು ನಾನು ಸ್ವಾಮಿ!" ನಿಕಾನೋರಾ ಎದ್ದು ನಿಲ್ಲುತ್ತಾಳೆ.

"ಯಂತ್ರದೋರು ಯಂತ್ರ ನೋಡ್ಕೊಳ್ಳಿ," ಎನ್ನುತ್ತಾರೆ ಕಾರ್ಯದರ್ಶಿ.

ಕಲಾಪ ನಡೆಯುವ ಸ್ಪ್ಯಾನಿಷ್ ಅರಿಯದ ಸತುರ್ನಿನಾಗೆ ತೀರ್ಪನ್ನು ಇನ್ನೂ ಯಾರೂ ತಿಳಿಸಿಲ್ಲ. ಅಂಗಳದಲ್ಲಿ ನಿಕಾನೋರಾಳ ಕೈಹಿಡಿದು, ಬೆಂದ ಆಲೂಗಡ್ಡೆಯ ಗಂಟನ್ನು ತುರುಕುತ್ತಾಳೆ. "ಕೊನೇವರೆಗೂ ಚೆನ್ನಾಗಿ ಕಂಡ ನನ್ ಮಗ. ನಿನ್ ಹೊಟ್ಟೆ ತಣ್ಣಗಿರಲಿ."

ನಿಕಾನೋರಾ ಗಂಟು ಬಿಚ್ಚುವುದಿಲ್ಲ. ನಿಮ್ಮ ಆಸೆಯೇನೆಂದು ನಾನು ಕೇಳಿದರೆ, ಅದನ್ನು ಕಂಕುಳಿಗೆ ಸೇರಿಸಿ ಹೇಳುತ್ತಾಳೆ:

"ನಾಳೆಯಿಂದ ಎಲ್ಲರಿಗೂ 'ಅಳ್ರೋ' ಅಂತೀನಿ. ಮುಖ ಚೂರಾದ್ರೆ ಆಗ್ಲಿ. ಅಲ್ಲೊಬ್ಬ ಜೀವಂತ ಇದಾನೆ ಅಂತಾದ್ರೂ ಅವರಿಗೆ ಗೊತ್ತಾಗ್ಲಿ."