ಆನೆ ಚೀಟಿ ಕಿತ್ತ ಸೊಸೆ

ಮಾಗಡಿ ಪೇಟೆಯ ಬಟ್ಟೆ ಅಂಗಡಿಯ ಯಜಮಾನಿ ನಾನು. ಇಡೀ ಬೀದಿಯಲ್ಲಿ ಹೈಸ್ಕೂಲು ಓದಿದ ಹೆಂಗಸು ನಾನೊಬ್ಬಳೇ. ನನ್ನ ಮಾತಿಗೆ ಎದುರಿಲ್ಲ. ಇವತ್ತು ಬೆಳಿಗ್ಗೆಯವರೆಗೂ ಇರಲಿಲ್ಲ, ಗೆಳತಿಯರೇ.

ಕಲ್ಯದಿಂದ ಗಾಡಿ ಕಟ್ಟಿಕೊಂಡು ಬಂದ ನಿಂಗಮ್ಮ, ಮಗಳ ಮದುವೆಗೆ ಆನೆ ಮಾರ್ಕಿನ ಬಟ್ಟೆ ಕೇಳಿದಳು. ನೋಡಿದರೆ, ಗಿರಣಿಯವರು ಬಟ್ಟೆಯ ಥಾನಿನ ಮೇಲೆ ಅಂಟಿಸಿ ಕಳಿಸುವ ಆನೆಯ ಬಣ್ಣದ ಚೀಟಿಯೇ ಇಲ್ಲ.

"ಆನೆ ಇಲ್ದೆ ಹೆಂಗವ್ವ ನಂಬ್ಲಿ? ಬೀಗ್ರು ನಗಾಡ್ತಾರೆ."

"ನಾನು ಹೇಳ್ತಿದ್ದೀನಲ್ಲ."

"ನಿಮ್ಮ ಮಾತು ಸರಿ ಕಣವ್ವ. ಆದ್ರೆ ಅದ್ರಲ್ಲಿ ಆನೆ ಕಾಣಾಕಿಲ್ವಲ್ಲ" ಎಂದು ಎದ್ದಳು.

ಒಳಗಿನಿಂದ ಸೊಸೆ ಗಿರಿಜೆ ಅಂಗೈಯಗಲದ ಪುಸ್ತಕ ಹಿಡಿದು ಬಂದಳು. ಹಳೆಯ ಲಗ್ನಪತ್ರಿಕೆಗಳನ್ನು ಮಡಚಿ ಹೊಲಿದು, ಪುಟಕ್ಕೊಂದು ಚೀಟಿ ಅಂಟಿಸಿ, ಸುತ್ತ ರೇಷ್ಮೆ ಎಳೆಯ ಅಂಚು ಕಟ್ಟಿದ್ದಳು. "ಚೆಂದಾಗಿತ್ತು ಅತ್ತೆಮ್ಮ, ಕಿತ್ಕೊಂಬುಟ್ಟೆ" ಎಂದು ಆನೆಯ ಪುಟವನ್ನು ಥಾನಿನ ಮೇಲಿದ್ದ ಗೋಂದಿನ ಕಲೆಗೆ ಹೊಂದಿಸಿದಳು. ಸರಿಯಾಗಿ ಕೂತಿತು. ನನ್ನ ಮಾತು ನಂಬದ ನಿಂಗಮ್ಮ ಗೋಂದಿನ ಕಲೆಯನ್ನು ನಂಬಿದಳು.

ಆನೆಯನ್ನು ಕಿತ್ತು ಥಾನಿಗೆ ಮರಳಿಸಲು ನಾನು ಕೈ ಹಾಕಿದೆ.

"ಹರೀಬ್ಯಾಡಿ ಕಣವ್ವ. ನನ್ ಮಗ್ಳಿಗೂ ಇಂಥದ್ದೊಂದು ಮಾಡ್ಕೊಡ್ಸಿ" ಎಂದಳು ನಿಂಗಮ್ಮ.

ಮಧ್ಯಾಹ್ನ ನಿಂಗಮ್ಮನ ಮಗಳ ಪುಸ್ತಕಕ್ಕೆ ಗಿಳಿ ಮಾರ್ಕಿನ ಚೀಟಿಯನ್ನು ಕತ್ತರಿಸಿದವಳು ನಾನೇ. ಬಾಲದ ತುದಿ ಹೋಯಿತು. ಗಿರಿಜೆ ಅಲ್ಲಿಗೆ ರೇಷ್ಮೆ ಎಳೆ ಕೂರಿಸಿ ಮರೆಮಾಡಿದಳು.

ಥಾನು ಖಾಲಿಯಾಗುವವರೆಗೆ ಚೀಟಿ ಮುಟ್ಟುವಂತಿಲ್ಲ, ಆಮೇಲೆ ಅದು ಗಿರಿಜೆಯದು ಎಂದು ಕಟ್ಟಪ್ಪಣೆ ಮಾಡಿದ್ದೇನೆ. ನವಿಲು ಮಾರ್ಕಿನ ಥಾನಿನಲ್ಲಿ ಎರಡು ಗಜ ಉಳಿದಿತ್ತು. ಸಂಜೆ ಅದನ್ನು ನಾನೇ ಕೊಂಡುಬಿಟ್ಟೆ.