ಹೊರಡುವ ಮುನ್ನ ಕೂತವರು

ಕರ್ಪೂರದ ವಾಸನೆ ಬಂದರೆ ನಿಮಗೆ ದೇವರ ಕೋಣೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಮೊಣಕಾಲು. ಬಲಗಾಲಿನದು, ಮತ್ತೆ ಮತ್ತೆ ಕೊಯ್ದು ಹೊಲಿದು, ಬಾಯಿ ಕಟ್ಟಿದ ಗೋಣಿಚೀಲದಂತೆ ಸುಕ್ಕುಗಟ್ಟಿದ್ದು. ಅದರ ಒಡೆಯರು ದಿನಾ ಸಂಜೆ ನಮ್ಮ ಬಾಡಿಗೆ ಮನೆಯ ನೆಲದಡಿಯ ಕೋಣೆಯಲ್ಲಿ, ಕೆಲ್ಲರ್ ಎನ್ನುತ್ತೇವಲ್ಲ ಅಲ್ಲಿ, ಮಗುಚಿಟ್ಟ ಬಿಯರ್ ಪೆಟ್ಟಿಗೆಯ ಮೇಲೆ ಕೂತು ಕರ್ಪೂರದೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಸುತ್ತ ಒದ್ದೆ ಚೆಂಡುಗಳು, ಕೆಸರು ಮೆತ್ತಿದ ಬೂಟುಗಳು, ಹಗ್ಗದ ಮೇಲೆ ಒಣಗುವ ನಮ್ಮ ತಂಡದ ಹಳದಿ ಅಂಗಿಗಳು. ಕಳೆದ ತಿಂಗಳು ಆ ಕೆಲ್ಲರಿನ ಬೀಗ ತೆಗೆದೆ. ಎಣ್ಣೆಯ ಸೀಸೆ ಒಣಗಿ ಯಾವ ಕಾಲವಾಗಿತ್ತೋ, ವಾಸನೆ ಮಾತ್ರ ಗೋಡೆ ಬಿಟ್ಟಿರಲಿಲ್ಲ. ಬಾಡಿಗೆ ಕೊಡದೆ ಇಷ್ಟು ವರ್ಷ ಕೂತಿದೆಯಲ್ಲ ಎಂದು ಮೊದಲು ನಗು ಬಂತು, ಆಮೇಲೆ ಅಳು ಬಂತು.

ಜರ್ಮನಿಯ ಎರ್ಲಾಂಗೆನ್ ಊರಿನ ಆ ಹಳೆಯ ಮನೆಯಲ್ಲಿ ಮೇಲೆ ನಾವು, ಕೆಳಗೆ ಅವರು. ಅಪ್ಪ ಉಡುಪಿಯಿಂದ ಎಂಜಿನಿಯರಾಗಿ ಬಂದವರು. ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಮನೆ ಕಾಣುವುದು ಸಂಜೆಗೇ. ಹಗಲಿಡೀ ಒಬ್ಬಳೇ ಇರುತ್ತಿದ್ದ ಅಮ್ಮನಿಗೆ ಆ ಊರಿನಲ್ಲಿ ಮೊದಲು ಪರಿಚಯವಾದವರು ಕೆಳಗಿನ ಮನೆಯ ಒಂಟಿ ರಷ್ಯನ್. ಅವರ ಹೆಸರು ಗೆನ್ನಾದಿ. ಅಮ್ಮ ಅದನ್ನು ನೋಡನೋಡುತ್ತಲೇ ಗೆನ್ನಣ್ಣ ಮಾಡಿದಳು. ಅಮ್ಮನಿಗೆ ಅಣ್ಣನಾದ ಮೇಲೆ ನನಗೆ ಗೆನ್ನಮಾಮ. ಇಬ್ಬರ ಜರ್ಮನ್ನೂ ಕುಂಟುತ್ತಿದ್ದುದರಿಂದ ಮಾತು ಒಟ್ಟೊಟ್ಟಿಗೆ ಚೆನ್ನಾಗಿ ನಡೆಯುತ್ತಿತ್ತು. ಅವರು ಉಪ್ಪುನೀರಿನಲ್ಲಿ ಹಾಕಿದ ಸೌತೆಕಾಯಿ ಮೇಲೆ ಬರುತ್ತಿತ್ತು, ಅಮ್ಮನ ನೀರುದೋಸೆ ಕೆಳಗೆ ಹೋಗುತ್ತಿತ್ತು. ನೀರುದೋಸೆಗೆ ಅವರು ಹುಳಿ ಕ್ರೀಮು ಹಚ್ಚಿ ಸುರುಳಿ ಸುತ್ತುವಾಗ ಅಮ್ಮ ಆ ಕಡೆ ಮುಖ ತಿರುಗಿಸುತ್ತಿದ್ದಳು. ತಿಂದು ಮುಗಿಸಿದ ಮೇಲೆ ಮತ್ತೆರಡು ಬಡಿಸುತ್ತಿದ್ದಳು.

ಗೆನ್ನಮಾಮ ಒಂದು ಕಾಲಕ್ಕೆ ಹೆಸರಿದ್ದ ಫುಟ್‌ಬಾಲ್ ಆಟಗಾರ. ವೋಲ್ಗಾ ದಂಡೆಯ ಊರಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯ ತಂಡದಿಂದ ಶುರುಮಾಡಿ ಮಾಸ್ಕೋದ ದೊಡ್ಡ ಕ್ಲಬ್ಬಿನವರೆಗೆ ಹೋದವರು. ರಕ್ಷಣೆಯ ಸಾಲಿನಲ್ಲಿ ಅವರನ್ನು ದಾಟಿ ಹೋಗುವುದು ಸುಲಭವಿರಲಿಲ್ಲವಂತೆ. ರಾಷ್ಟ್ರೀಯ ತಂಡಕ್ಕೆ ಒಂದೇ ಒಂದು ಸಲ ಕರೆ ಬಂತು. ಆವತ್ತು ಪಂದ್ಯ ಮುಗಿಯುವವರೆಗೂ ಬೆಂಚಿನಿಂದ ಏಳಿಸಲಿಲ್ಲ. “ಬೇರೆಯವರು ದೇಶಕ್ಕಾಗಿ ಓಡಿದರು, ನಾನು ದೇಶಕ್ಕಾಗಿ ಕೂತೆ,” ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಆಮೇಲೆ ಜರ್ಮನಿಯ ಕ್ಲಬ್ಬೊಂದು ಕರೆಸಿತು, ಇಲ್ಲಿ ಮೊಣಕಾಲು ಹೋಯಿತು. ಆಡಲಾಗದ ಮೇಲೆ ಕೋಚ್ ಆದರು. ಮೊದಲು ಗಂಡಸರ ತಂಡ, ಆಮೇಲೆ ಸಣ್ಣ ಊರಿನ ತಂಡ, ಆಮೇಲೆ ಹುಡುಗರದು, ಕೊನೆಗೆ ನಮ್ಮ ಬೀದಿಯ ಕ್ಲಬ್ಬಿನ ಹುಡುಗಿಯರದು. ಎಲ್ಲಿದ್ದವರು ಎಲ್ಲಿಗೆ ಬಂದರು ಎಂದು ಅಪ್ಪ ಮರುಗುತ್ತಿದ್ದರು. ನನಗೆ ಆಗಲೂ ಹಾಗನ್ನಿಸಲಿಲ್ಲ, ಈಗಲೂ ಇಲ್ಲ. ಮಾಸ್ಕೋದವರಿಗೆ ಎಷ್ಟು ಜೋರಾಗಿ ಬೈದಿರಬಹುದೋ ಅಷ್ಟೇ ಜೋರಾಗಿ ನಮಗೂ ಬೈಯುತ್ತಿದ್ದರು.

ನನ್ನನ್ನು ಗೋಲಿಗೆ ನಿಲ್ಲಿಸಿದ್ದು ಅವರೇ. ನಾನೋ ಇಡೀ ತಂಡಕ್ಕೇ ಕುಳ್ಳಿ. “ಎತ್ತರದವಳು ಚೆಂಡು ಬರಲಿ ಅಂತ ಕಾಯ್ತಾಳೆ. ಕುಳ್ಳಿ ಹಾರ್ತಾಳೆ,” ಎಂದರು, ಅಷ್ಟೇ ಅವರ ವಿವರಣೆ. ಹಾರಿ ಹಾರಿ ನನ್ನ ಮೊಣಕೈಗಳೆರಡೂ ಸದಾ ತರಚಿರುತ್ತಿದ್ದವು, ಅದಕ್ಕೂ ಅದೇ ಕರ್ಪೂರದೆಣ್ಣೆ. ಅವರದು ಇನ್ನೊಂದು ಪದ್ಧತಿಯಿತ್ತು. ಬೇರೆ ಊರಿಗೆ ಪಂದ್ಯಕ್ಕೆ ಹೊರಡುವ ಮುನ್ನ ನಾವೆಲ್ಲ ಕೆಲ್ಲರಿನಲ್ಲಿ ನಮ್ಮ ನಮ್ಮ ಚೀಲದ ಮೇಲೆ ಸದ್ದಿಲ್ಲದೆ ಕೂರಬೇಕು. ಪ್ರಯಾಣಕ್ಕೆ ಮೊದಲು ಒಂದು ಗಳಿಗೆ ಕೂತು ಏಳುವುದು ರಷ್ಯನ್ನರ ರೂಢಿ. ಕೊನೆಗೆ ಅವರು “ಸ್ ಬೋಗಮ್” ಎನ್ನುತ್ತಿದ್ದರು. ದೇವರ ಜೊತೆಗೆ ಎಂದು ಅದರ ಅರ್ಥ. ಆ ಮಾತು ಅವರ ಬಾಯಿಂದ ಬರುವವರೆಗೆ ಯಾರೂ ಏಳುವ ಹಾಗಿಲ್ಲ, ಬಸ್ಸು ತಪ್ಪಿದರೂ ಸೈ. ಉಳಿದ ಹುಡುಗಿಯರ ತಾಯಂದಿರು ಗಡಿಯಾರ ನೋಡಿ ಚಡಪಡಿಸುತ್ತಿದ್ದರು. ಅಮ್ಮನಿಗೆ ಮಾತ್ರ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. “ನಮ್ಮಲ್ಲೂ ಉಂಟಲ್ಲ ಮಾರಾಯ್ತಿ, ಹೊರಡುವಾಗ ಯಾರಾದ್ರೂ ಸೀನಿದ್ರೆ ಕೂತು ನೀರು ಕುಡ್ದು ಹೋಗುದು. ಗೆನ್ನಣ್ಣ ಸೀನುವವರೆಗೆ ಕಾಯುದಿಲ್ಲ, ಅಷ್ಟೇ.”

ಆ ವರ್ಷ ನಾವು ಬಿದ್ದೆದ್ದು ಕೊನೆಯ ಪಂದ್ಯದವರೆಗೆ ಬಂದೆವು. ಗೆದ್ದರೆ ಮೇಲಿನ ಲೀಗು. ಅಲ್ಲಿಯವರೆಗೆ ನಮ್ಮ ಕಡೆ ತಿರುಗಿಯೂ ನೋಡದಿದ್ದ ಕ್ಲಬ್ಬಿನ ಮುಖ್ಯಸ್ಥರಿಗೆ ಈಗ ಆಸೆ ಹತ್ತಿತು. ಕುಳ್ಳಿಯನ್ನು ಕೂರಿಸಿ, ದೊಡ್ಡ ತಂಡದಿಂದ ಎತ್ತರದ ಹುಡುಗಿಯೊಬ್ಬಳನ್ನು ತಂದು ನಿಲ್ಲಿಸಿ ಎಂದರು. ಗೆನ್ನಮಾಮ ಆಗುವುದಿಲ್ಲ ಎಂದರು. “ವರ್ಷವಿಡೀ ಕೆಸರಲ್ಲಿ ಬಿದ್ದವಳು ಇವಳು. ಇವತ್ತೂ ಇವಳೇ.” ಮೊದಲ ಅರ್ಧದಲ್ಲಿ ಒಂದು ಗೋಲು ಬಿತ್ತು. ಚೆಂಡು ಸರಿಯಾಗಿ ನನ್ನ ತಲೆಯ ಮೇಲಿಂದಲೇ ಹೋಯಿತು, ಅದನ್ನೂ ಹೇಳಿಬಿಡುತ್ತೇನೆ. ವಿರಾಮದಲ್ಲಿ ಮುಖ್ಯಸ್ಥರು ಮೈದಾನಕ್ಕೇ ಬಂದು, ನಮ್ಮೆಲ್ಲರ ಎದುರಿಗೆ, ಇನ್ನು ನೀವು ಈ ತಂಡದ ಕೋಚ್ ಅಲ್ಲ, ಹೊರಡಿ ಎಂದರು. ಗೆನ್ನಮಾಮ ಕೂಗಾಡಲಿಲ್ಲ. ತಮ್ಮ ಸಾಮಾನು ಚೀಲಕ್ಕೆ ತುಂಬಿದರು, ಚೀಲವನ್ನು ಹುಲ್ಲಿನ ಮೇಲಿಟ್ಟು ಅದರ ಮೇಲೆ ಕೂತರು. ಹೊರಡುವವರು ಕೂರಬೇಕಲ್ಲ. ಅವರು ಕೂತದ್ದು ಕಂಡು, ಯೋಚನೆಯನ್ನೇ ಮಾಡದೆ, ಅಭ್ಯಾಸಬಲದಿಂದ ನಾವೆಲ್ಲ ಕೂತೆವು. ಸ್ವಲ್ಪ ಹೊತ್ತಿಗೆ ಅವರು ಎದ್ದರು, ಚೀಲ ಹೆಗಲಿಗೆ ಹಾಕಿಕೊಂಡರು, ಕುಂಟುತ್ತ ಗೇಟು ದಾಟಿ ಹೋದರು. ಆ ಮಾತು ಹೇಳಲೇ ಇಲ್ಲ.

ರೆಫರಿ ಸೀಟಿ ಊದಿದ. ನಾವು ಏಳಲಿಲ್ಲ. ಮುಖ್ಯಸ್ಥರು ಮೊದಲು ಮುದ್ದು ಮಾಡಿ ಹೇಳಿದರು, ಆಮೇಲೆ ಕೆಂಪಗಾಗಿ ಕಿರುಚಿದರು. ಪಕ್ಕದವಳು ನನ್ನ ಮುಖ ನೋಡಿದಳು. ಆ ಗಳಿಗೆಯವರೆಗೆ ಅದು ಬರೀ ಅಭ್ಯಾಸವಾಗಿತ್ತು. ನಾನು ಗ್ಲೌಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ; ಆಮೇಲೆ ಅದು ಹಟವಾಯಿತು. ಪಂದ್ಯವನ್ನು ಎದುರಿನವರಿಗೆ ಕೊಟ್ಟರು. ಹುಡುಗಿಯರು ಕ್ಷಮೆ ಕೇಳಿದರೆ ತಂಡ ಉಳಿಯುತ್ತದೆ, ಇಲ್ಲವಾದರೆ ಇಲ್ಲ ಎಂದು ಕ್ಲಬ್ಬಿನಿಂದ ಹೇಳಿ ಕಳಿಸಿದರು. ಅಪ್ಪನಿಗೆ ಸಂಕಟ. “ಪಾಪ, ಅವರ ಹೊಟ್ಟೆಯ ಮೇಲೆ ಹೊಡೆದ ಹಾಗಾಯ್ತಲ್ಲ ಮಗಾ. ಹುಡುಗಿಯರನ್ನು ಎತ್ತಿಕಟ್ಟಿದವ ಅಂತ ಹೆಸರು ಬಂದ ಮೇಲೆ ಇನ್ನು ಯಾರು ಕರೀತಾರೆ ಅವರನ್ನು? ಒಂದು ಸಲ ಕ್ಷಮೆ ಕೇಳಿಬಿಡು.” ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. “ಎಂತಕ್ಕೆ ಕೇಳುದು? ಕೂತದ್ದಕ್ಕಾ? ಹಿರಿಯರು ಏಳು ಅನ್ನುವವರೆಗೆ ಏಳಲಿಲ್ಲ ನನ್ನ ಮಗಳು. ಅದಕ್ಕೆ ಮರ್ಯಾದೆ ಅಂತ ಹೇಳುದು ನಾವು.” ನಾನು ಕೇಳಲಿಲ್ಲ, ಬೇರೆ ಯಾವ ಹುಡುಗಿಯೂ ಕೇಳಲಿಲ್ಲ. ತಂಡ ಹೋಯಿತು. ಅಪ್ಪ ಹೇಳಿದಂತೆಯೇ ಗೆನ್ನಮಾಮನನ್ನು ಮತ್ತೆ ಯಾವ ಕ್ಲಬ್ಬೂ ಕರೆಯಲಿಲ್ಲ. ವೋಲ್ಗಾ ದಂಡೆಯಲ್ಲಿ ಶುರುವಾದ ಅವರ ಆಟದ ಬದುಕು ಅರ್ಧ ಆಡಿ ಬಿಟ್ಟ ಒಂದು ಪಂದ್ಯದಲ್ಲಿ ಮುಗಿಯಿತು. ಅದನ್ನು ಸೋಲು ಎನ್ನುವವರು ಎಂದುಕೊಳ್ಳಲಿ. ತಪ್ಪಾಯಿತು ಎಂಬ ಮಾತು ಆವತ್ತೂ ನನ್ನ ಬಾಯಿಂದ ಬರಲಿಲ್ಲ, ಇವತ್ತು ನಿಮ್ಮೆದುರಿಗೂ ಬರುವುದಿಲ್ಲ.

ಮರುವಾರವೇ ಗೆನ್ನಮಾಮ ರೆಗ್ನಿಟ್ಸ್ ನದಿಯ ಪಕ್ಕದ ಹುಲ್ಲುಗಾವಲಿನಲ್ಲಿ ಎರಡು ಜಾಕೆಟ್ಟುಗಳನ್ನು ಗೋಲಿನ ಕಂಬ ಮಾಡಿ ಕಾದು ನಿಂತಿದ್ದರು. ಲೀಗಿಲ್ಲ, ಅಂಗಿಯ ಬೆನ್ನಿಗೆ ನಂಬರಿಲ್ಲ, ಬೈಗುಳಕ್ಕೆ ಮಾತ್ರ ಕೊರತೆಯಿರಲಿಲ್ಲ. ನಾವು ದೊಡ್ಡವರಾಗಿ ದಿಕ್ಕಿಗೊಬ್ಬರಂತೆ ಚದುರುವವರೆಗೂ ಅದು ನಡೆಯಿತು. ಆ ದಿನ ಸ್ ಬೋಗಮ್ ಅನ್ನುವುದನ್ನು ಮರೆತಿರಾ, ಬೇಕೆಂದೇ ಬಿಟ್ಟಿರಾ ಎಂದು ಒಮ್ಮೆ ಕೇಳಿದೆ. ಬಾಯಿ ತುಂಬ ನೀರುದೋಸೆ ಇಟ್ಟುಕೊಂಡು, “ವಯಸ್ಸಾಯಿತು, ಮರೆತೆ,” ಎಂದರು. ಅಪ್ಪಟ ಸುಳ್ಳು. ಹಾಗೆನ್ನುವಾಗ ಅವರ ಕಣ್ಣಲ್ಲಿ ನಗುವಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಡ್ಯೂಸೆಲ್ಡಾರ್ಫಿಗೆ, ನನ್ನ ಹತ್ತಿರ ಬಂದಳು. ಕೆಳಗಿನ ಮನೆಯಲ್ಲಿ ಗೆನ್ನಮಾಮ ಒಬ್ಬರೇ ಉಳಿದರು. ಕೆಲ್ಲರಿನ ಮೆಟ್ಟಿಲಿಳಿಯುವುದು ಆ ಮೊಣಕಾಲಿಗೆ ಆಗದಾಗಿ ಎಷ್ಟೋ ವರ್ಷವಾಗಿತ್ತು. ಈ ಚಳಿಗಾಲ, ನಿದ್ದೆಯಲ್ಲೇ, ಯಾರಿಗೂ ಒಂದು ಮಾತು ಹೇಳದೆ ಹೋಗಿಬಿಟ್ಟರು. ಅವರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ, ಮನೆ ಖಾಲಿ ಮಾಡಲು ನಾನೇ ಹೋದೆ. ಆ ಮನೆಯನ್ನೇ ಕೆಡವಿ ಹೊಸದು ಕಟ್ಟುತ್ತಾರಂತೆ. “ಹೊರಡುವಾಗ ಕೂತು ಹೊರಡು, ಮರೀಬೇಡ,” ಎಂದು ಅಮ್ಮ ಹೇಳಿ ಕಳಿಸಿದ್ದಳು.

ಎಲ್ಲ ಸಾಗಿಸಿ ಆದ ಮೇಲೆ ಕೆಲ್ಲರಿನಲ್ಲಿ ನಾನು, ನನ್ನ ಚೀಲ, ಆ ವಾಸನೆ. ಮಾಲೀಕರ ಕಡೆಯ ಮನುಷ್ಯ ಬಾಗಿಲಲ್ಲಿ ನಿಂತು ಬೀಗದ ಕೈಗಾಗಿ ಕೈ ಚಾಚಿದ. ಒಂದು ಗಳಿಗೆ ಎಂದೆ. ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕೂತೆ. ಆತ ಗಡಿಯಾರ ನೋಡಿದ. ಕೆಮ್ಮಿದ. ಮತ್ತೆ ಗಡಿಯಾರ ನೋಡಿದ. ನೋಡಲಿ. ಏಳು ಎನ್ನಬೇಕಾದವರು ಈ ಸಲವೂ ಆ ಮಾತು ಹೇಳದೆ ಎದ್ದು ಹೋಗಿದ್ದರು. ನಾನು ಕೂತೇ ಇದ್ದೆ.