ಹಳ್ಳ ಬಂದಾಗ ಓಡಿದವನು

ಬೆನಿ ಇಸ್ಗೆನ್ ಊರಿನ ಹೆಬ್ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತು ಬಾಹ್ಮೆದ್ ಬರುವವರನ್ನೆಲ್ಲ ಕಾಲಿನಿಂದ ತಲೆಯವರೆಗೆ ಅಳೆಯುತ್ತಿದ್ದ. ಹೊರಗಿನವರು ತಾವಾಗಿಯೇ ಊರೊಳಗೆ ಹೆಜ್ಜೆ ಇಡುವಂತಿಲ್ಲ, ಊರವನೊಬ್ಬ ಜೊತೆಗಿರಲೇಬೇಕು. ಸಿಗರೇಟು ಹಚ್ಚುವಂತಿಲ್ಲ, ಹೆಂಗಸರ ಫೋಟೋ ತೆಗೆಯುವಂತಿಲ್ಲ. ಹಾಗೆ ಜೊತೆಗೆ ಹೋಗುವ ಕೆಲಸ ಹನ್ನೊಂದು ವರ್ಷಗಳಿಂದ ಅವನದು.

ಅದಕ್ಕೂ ಮುಂಚೆ, ಮರುಭೂಮಿಯೊಳಗಿನ ಈ ಮ್ಜಾಬ್ ಕಣಿವೆಯ ಎಷ್ಟೋ ಗಂಡಸರ ಹಾಗೆ, ಉತ್ತರಕ್ಕೆ ಹೋಗಿ ಓರಾನ್ ಪಟ್ಟಣದಲ್ಲಿ ಇಪ್ಪತ್ತೆರಡು ವರ್ಷ ದಿನಸಿ ಅಂಗಡಿ ನಡೆಸಿದ್ದ. ಅಂಗಡಿ ಬಾಗಿಲಲ್ಲಿ ನಿಂತರೆ ಸಮುದ್ರ ಕಾಣುತ್ತಿತ್ತು. ಕುಡಿಯಲೂ ಬಾರದ, ತೋಟಕ್ಕೂ ಬಾರದ ಅಷ್ಟೊಂದು ನೀರನ್ನು ಕಂಡು ಅವನಿಗೆ ಒಂದು ದಿನವೂ ಸಂತೋಷವಾಗಿರಲಿಲ್ಲ. ಆದರೂ ಆ ಊರಿನವರಿಗೆ ಅವರ ಸಮುದ್ರ ಎಂಥದ್ದು ಎಂದು ಹೇಳಲು ಅವನು ಎಂದೂ ಹೋಗಿರಲಿಲ್ಲ. ಇಲ್ಲಿಗೆ ಬರುವವರಿಗೆ ಮಾತ್ರ ಅಷ್ಟು ನಾಚಿಕೆ ಇರಲಿಲ್ಲ. ಮೂರು ಗಂಟೆ ಸುತ್ತಾಡಿ, ಮೂರು ಲೋಟ ಪುದೀನ ಚಹಾ ಕುಡಿದು, ಊರಿನ ಒಳಗುಟ್ಟೆಲ್ಲ ತಿಳಿದವರ ಮುಖ ಮಾಡಿಕೊಂಡು ಬಸ್ಸು ಹತ್ತುತ್ತಿದ್ದರು.

"ಈ ಬಿಸಿಲಲ್ಲಿ ಹೇಗೆ ಬದುಕ್ತೀರಿ?" ಎಂದು ದಿನಕ್ಕೊಬ್ಬರಾದರೂ ಕೇಳುತ್ತಿದ್ದರು.

"ಸಾಯೋ ತನಕ ಬದುಕ್ತೀವಿ," ಎನ್ನುತ್ತಿದ್ದ ಬಾಹ್ಮೆದ್. ಅದನ್ನೂ ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

ಒಂದು ಅಕ್ಟೋಬರ್‌ನಲ್ಲಿ ರಾಜಧಾನಿ ಅಲ್ಜಿಯರ್ಸ್ ನಗರದಿಂದ ನಜೀಬ್ ಸೆತ್ತಾರ್ ಎಂಬ ಪತ್ರಿಕೆಯವನು ಬಂದ. ಮರುಭೂಮಿಯ ಊರುಗಳ ಬಗ್ಗೆ ಬರೆಯುವುದಕ್ಕಂತೆ. ತಲೆಗೆ ನೀಲಿ ರುಮಾಲು ಸುತ್ತಿದ್ದ. ಈ ಕಣಿವೆಯಲ್ಲಿ ಎಲ್ಲರದೂ ಬಿಳಿ ಟೋಪಿ. ನೀಲಿ ರುಮಾಲನ್ನು ಯಾರೂ ಸುತ್ತುವುದಿಲ್ಲ. ಬಾಹ್ಮೆದ್ ತನ್ನ ಹೆಸರು ಹೇಳಿದ. ಅವನು ಕೇಳಿಸಿಕೊಳ್ಳದಿದ್ದಾಗ ಇನ್ನೊಮ್ಮೆ ಹೇಳಿದ.

"ನಿಮ್ಮ ಮರುಭೂಮಿ ಎಲ್ಲಿ?" ಎಂದ ನಜೀಬ್.

"ನೀವು ನಿಂತಿರೋದು ಅದರಲ್ಲೇ."

"ಅಲ್ಲ, ಮರಳಿನ ದಿಬ್ಬ, ಒಂಟೆ, ಅಂಥದ್ದು."

"ಅದು ಬೇಕಂದ್ರೆ ದಕ್ಷಿಣಕ್ಕೆ ಇನ್ನೊಂದು ದಿನ ಬಸ್ಸಲ್ಲಿ ಕೂರ್ಬೇಕು. ಇಲ್ಲಿರೋದು ಕಲ್ಲು."

ನಜೀಬ್‌ನ ಮುಖ ಸಪ್ಪಗಾಯಿತು. ಓಣಿಗಳನ್ನು ಹತ್ತಿ ಇಬ್ಬರೂ ಊರ ನೆತ್ತಿಯ ಕಾವಲುಗೋಪುರದ ಮೇಲೆ ಹೋಗಿ ನಿಂತರು. ಅಷ್ಟರಲ್ಲಿ ಮೇಲುಕಣಿವೆಯ ಕಡೆಯಿಂದ ಬಂದೂಕಿನ ಸದ್ದು ಕೇಳಿತು. ಒಂದು, ಎರಡು, ಮೂರು. ಯಾವುದೋ ಮಾಳಿಗೆಯಿಂದ ಹೆಂಗಸೊಬ್ಬಳು ಕಣಿವೆಯ ಭಾಷೆಯಲ್ಲಿ ಕೂಗಿದಳು, "ಹಳ್ಳ ಬಂತು".

ಮೂರು ವರ್ಷ ಒಣಗಿಕೊಂಡು ಬಿದ್ದಿದ್ದ ಹಳ್ಳ. ಮೇಲೆಲ್ಲೋ ಮಳೆಯಾಗಿ ನೀರು ಇಳಿದರೆ ಕಾವಲಿನವರು ಗುಂಡು ಹಾರಿಸಿ ಕೆಳಗಿನವರಿಗೆ ತಿಳಿಸುವುದು ಹಳೆಯ ಪದ್ಧತಿ. ಬಾಹ್ಮೆದ್‌ನ ತೋಟದ ಬಾವಿಗೆ ಆ ವರ್ಷ ಹಗ್ಗ ಸಾಲದೆ ಆರು ಮಾರು ಹೆಚ್ಚಿಗೆ ಕಟ್ಟಿದ್ದರು. "ನೀವು ಇಲ್ಲೇ ಇರಿ, ಬಂದೆ," ಎಂದವನೇ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲಿಳಿದು ಓಡಿದ.

ಅವನು ಮುಟ್ಟುವ ಹೊತ್ತಿಗೆ ಇಡೀ ಊರು ಹಳ್ಳದ ಬದಿಯ ತೋಟಗಳಲ್ಲಿತ್ತು. ಕೆಂಪು ನೀರು ನೊರೆ ಕಟ್ಟಿಕೊಂಡು ಒಡ್ಡಿಗೆ ಬಡಿದು, ಪಾಲು ಹಂಚುವ ಕಲ್ಲುಗಂಡಿಗಳಲ್ಲಿ ನುಗ್ಗಿ, ಒಂದೊಂದೇ ಕಾಲುವೆ ಹಿಡಿಯುತ್ತಿತ್ತು. ಬಾಹ್ಮೆದ್‌ನ ಗಂಡಿಗೆ ಒಣ ಖರ್ಜೂರದ ಗರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಐವತ್ತೆಂಟರ ಗಂಡಸು ಸೊಂಟದ ಮಟ್ಟದ ನೀರಿಗೆ ಇಳಿದು, ಎಳೆದು, ಅಂಗೈ ಹರಿದುಕೊಂಡು ಅದನ್ನು ಬಿಡಿಸಿದ. ನೀರು ತನ್ನ ಮರಗಳ ಬುಡಕ್ಕೆ ಹೋಗಿ ಗುಳುಗುಳು ಇಂಗುವುದನ್ನು ನೋಡುತ್ತ ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ಗೋಪುರದ ನೆನಪಾಗಿ ಹೋಗಿ ನೋಡಿದರೆ ನಜೀಬ್ ಇರಲಿಲ್ಲ. ಪೀಡೆ ತೊಲಗಿತು ಎಂದುಕೊಂಡ.

ಎರಡು ತಿಂಗಳ ಮೇಲೆ ನಜೀಬ್‌ನ ಬರಹವಿದ್ದ ಪತ್ರಿಕೆ ಬಂತು. ಸಂತೆಚೌಕದಲ್ಲಿ ಹರಾಜು ಕೂಗುವ ಹಮ್ಮೂ ಹಳೆಯ ಕಂಬಳಿಯ ಹರಾಜನ್ನು ಅರ್ಧಕ್ಕೆ ನಿಲ್ಲಿಸಿ ಆ ಬರಹವನ್ನು ಅದೇ ಗಂಟಲಲ್ಲಿ ಓದಿದ. "ಬಂದೂಕಿನ ಸದ್ದು ಕೇಳುತ್ತಲೇ ನನ್ನ ಮುದಿ ಸಂಗಾತಿ ಜೀವಭಯದಿಂದ ಓಡಿದ. ಶತಮಾನಗಳ ದಾಳಿಯ ನೆನಪು ಈ ಜನರ ರಕ್ತದಲ್ಲಿ ಇನ್ನೂ ಆರಿಲ್ಲ. ಗೋಪುರದ ಮೇಲೆ ನಾನೊಬ್ಬನೇ ನಿಂತು ಮರುಭೂಮಿಯ ಮೌನವನ್ನು ಆಲಿಸಿದೆ."

"ಮೌನ ಆಲಿಸಿದ್ನಂತೆ," ಎಂದ ಹಮ್ಮೂ. "ಅವತ್ತು ಊರಿಗೆ ಊರೇ ಬಾಯಿ ಬಡ್ಕೊಳ್ತಿತ್ತು. ಕಿವಿ ಮನೇಲಿಟ್ಟು ಬಂದಿದ್ನೇನೋ."

ಕೂತಿದ್ದವರೆಲ್ಲ ನಕ್ಕರು. ಆದರೆ ಆ ನಗು ನಜೀಬ್‌ನ ಮೇಲೆ ನಿಲ್ಲದೆ ಬಾಹ್ಮೆದ್‌ನ ಕಡೆ ತಿರುಗಿತು. ಚಳಿಗಾಲವಿಡೀ ಅವನು ಚೌಕ ದಾಟುವಾಗ ಯಾರಾದರೊಬ್ಬರು, "ಬಾಹ್ಮೆದ್, ಒಂದು ಪಟಾಕಿ ಹಚ್ತೀನಿ ಕಣಪ್ಪ, ಮೊದಲೇ ಹೇಳಿದೀನಿ, ಓಡೋದಾದ್ರೆ ಈಗ್ಲೇ ಓಡು," ಎನ್ನುತ್ತಿದ್ದರು. ಅವನು ಪತ್ರಿಕೆಗೆ ಕಾಗದ ಬರೆದ. ಉತ್ತರ ಬರಲಿಲ್ಲ.

ವಸಂತದಲ್ಲಿ ಅಲ್ಜಿಯರ್ಸ್‌ನಲ್ಲಿದ್ದ ತಮ್ಮನ ಮನೆಗೆ ಹೋದವನು, ಮರುದಿನವೇ ಪತ್ರಿಕೆಯ ಕಚೇರಿ ಹುಡುಕಿಕೊಂಡು ಹೊರಟ. ಏನೇನು ಹೇಳಬೇಕೆಂದು ಹತ್ತು ಗಂಟೆಯ ಬಸ್ಸು ಪ್ರಯಾಣದಲ್ಲಿ ಸಾಲುಸಾಲಾಗಿ ಕಟ್ಟಿಕೊಂಡಿದ್ದ. ಮೇಜಿನ ಹಿಂದೆ ಕೂತಿದ್ದ ನಜೀಬ್ ತಲೆಯೆತ್ತಿ ನೋಡಿದ. ಗುರುತು ಹತ್ತಲಿಲ್ಲ.

"ಹೇಳಿ ಹಿರಿಯರೇ, ಏನಾಗ್ಬೇಕಿತ್ತು?"

"ನಾನು ಬೆನಿ ಇಸ್ಗೆನ್‌ನವನು."

"ಹೌದಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಅದು ನನ್ನ ಸ್ವಂತ ಊರಿದ್ದ ಹಾಗೆ. ಅಲ್ಲೇ ಹುಟ್ಟಿದ್ದಾ ನೀವು?"

"ಅಲ್ಲೇ."

"ಹಾಗಾದ್ರೆ ನಿಮಗದು ಕಾಣ್ಸಲ್ಲ ಬಿಡಿ. ಹೊರಗಿಂದ ಹೋದವರ ಕಣ್ಣಿಗೇ ಕಾಣೋದು."

ಕಾಫಿ ತರಿಸಿದ. ಒಂದು ಹಾಳೆ ಎಳೆದುಕೊಂಡು ಊರಿನ ನಕ್ಷೆ ಬರೆದು ತೋರಿಸಿದ. ಹೆಬ್ಬಾಗಿಲು ಇದ್ದ ಕಡೆ ಗೋಪುರ ನಿಲ್ಲಿಸಿದ, ತೋಟವನ್ನು ಮರೆತೇಬಿಟ್ಟ. ಬಾಹ್ಮೆದ್‌ನ ಹಿರಿಯರು ಯಾಕೆ ಆ ಕಣಿವೆಗೆ ಬಂದರು, ಯಾಕೆ ಬಿಳಿ ಟೋಪಿ ಹಾಕುತ್ತಾರೆ, ಅವರ ಹೆಂಗಸರು ಏನು ಯೋಚಿಸುತ್ತಾರೆ, ಎಲ್ಲವನ್ನೂ ವಿವರಿಸಿದ.

"ಗೋಪುರದ ಮೇಲೆ ಒಬ್ಬನೇ ನಿಂತಿದ್ದೆ ನೋಡಿ. ಜೊತೆಗೊಬ್ಬ ಮುದುಕ ಇದ್ದ. ಪಾಪ, ಹೆದರಿ ಓಡ್ಹೋದ."

"ಏನು ಹೆಸರು ಅವನದು?"

"ಯಾರಿಗೆ ಗೊತ್ತು. ಹೇಳ್ಲೇ ಇಲ್ಲ ಅವನು."

ಬಾಹ್ಮೆದ್ ಅವನ ಮುಖವನ್ನೇ ನೋಡಿದ. ಕಟ್ಟಿಕೊಂಡು ಬಂದ ಮಾತುಗಳೆಲ್ಲ ದಂಡ ಎನಿಸಿತು. ಇವನೊಂದಿಗೆ ಜಗಳವಾಡಿದರೆ ನಾಳೆ ಅದೂ ಪತ್ರಿಕೆಯಲ್ಲಿ ಬರುತ್ತದೆ, ಅದೂ ತಪ್ಪಾಗಿ. ಕೋಪವಿದ್ದ ಜಾಗದಲ್ಲಿ ಬರೀ ಹೇಸಿಗೆ ಉಳಿಯಿತು. ಲೋಟ ಕೆಳಗಿಟ್ಟು ಎದ್ದ.

"ಹೋದ್ಮೇಲೆ ಒಂದ್ಸಲ ನಿಮ್ಮೂರನ್ನ ಸರಿಯಾಗಿ ಕಣ್ಬಿಟ್ಟು ನೋಡಿ ಹಿರಿಯರೇ," ಎಂದ ನಜೀಬ್, ಬಾಗಿಲವರೆಗೆ ಬಂದು.

"ಆಗ್ಲಿ, ನೋಡ್ತೀನಿ."

ಊರಿಗೆ ಬಂದಾಗ ಹೆಂಡತಿ ಸೆತ್ತಿ ಮಗ್ಗದ ಮುಂದೆ ಕೂತಿದ್ದಳು. "ಸಿಕ್ಕಿದ್ನಾ? ಚೆನ್ನಾಗಿ ಉಗಿದ್ರಾ?"

"ಇಲ್ಲ. ಅವನಿಗೆ ನನ್ನ ಹೆಸರೂ ಗೊತ್ತಿಲ್ಲ. ನಮ್ಮೂರಿನ ಬಗ್ಗೆ ಒಂದು ಗಂಟೆ ಪಾಠ ಹೇಳಿಸ್ಕೊಂಡು ಬಂದೆ."

ಸೆತ್ತಿ ಮಗ್ಗದ ದಾರ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ಅಲ್ರೀ, ಅವನಿಗೆ ನಿಮ್ಮ ಹೆಸರು ಗೊತ್ತಿಲ್ಲ ಅಂತೀರಲ್ಲ, ಈ ಹನ್ನೊಂದು ವರ್ಷದಲ್ಲಿ ನೀವು ಬಂದವರದ್ದು ಎಷ್ಟು ಜನರ ಹೆಸರು ಕೇಳಿದೀರಿ?"

ಬಾಹ್ಮೆದ್ ಒಬ್ಬರದೂ ಕೇಳಿರಲಿಲ್ಲ. ಆ ಮಾತು ಎರಡು ದಿನ ಮುಳ್ಳಿನ ಹಾಗೆ ಚುಚ್ಚಿತು. ಮೂರನೆಯ ದಿನ ಸೆತೀಫ್ ಪಟ್ಟಣದ ದಪ್ಪ ಮನುಷ್ಯನೊಬ್ಬ ಬಂದಾಗ ಪ್ರಯತ್ನಪಟ್ಟು ಹೆಸರು ಕೇಳಿದ. ಅವನು ಹೆಸರಿನೊಂದಿಗೆ ತನ್ನ ಸಕ್ಕರೆ ಕಾಯಿಲೆ, ಅಳಿಯನ ದುಡುಕು, ಹಲ್ಲಿನ ಸೆಟ್ಟು ಎಲ್ಲವನ್ನೂ ಮೂರು ಗಂಟೆ ಹೇಳಿದ. ಊರನ್ನು ನೋಡಲೇ ಇಲ್ಲ. ಬಾಹ್ಮೆದ್ ಮತ್ತೆ ಯಾರ ಹೆಸರನ್ನೂ ಕೇಳಲಿಲ್ಲ.

ಕಣ್ಣು ಮಂಜಾಗುವವರೆಗೆ ಇನ್ನೂ ನಾಲ್ಕು ವರ್ಷ ಅವನು ಆ ಕೆಲಸ ಮಾಡಿದ. ಆದರೆ ವಿವರಣೆ ಹೇಳುವುದನ್ನು ಬಿಟ್ಟ. ಮುಂದೆ ಮುಂದೆ ನಡೆಯುತ್ತಿದ್ದ, ಕೇಳಿದ್ದಕ್ಕೆ ಹೂಂ ಎನ್ನುತ್ತಿದ್ದ, ಬಾಗಿಲ ಬಳಿ ತಂದು ಬಿಡುತ್ತಿದ್ದ. ಬಂದವರು ಅವನನ್ನು ದೊಡ್ಡ ಜ್ಞಾನಿಯೆಂದು ತಿಳಿದು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಹೋಗುತ್ತಿದ್ದರು.